ಉಜ್ಜಿದರೆ ಹೋಗುವ ಅಕ್ಷರ

ಜೂನ್ 16, ಸೋಮವಾರ

ಇವತ್ತೂ ಅದೇ ಗೋಳು. ಪ್ರಿಂಟರಿನಿಂದ ಹೊರಗೆ ಬರುವ ಕಾಗದವೆಲ್ಲ ಕರಿದ ಹಪ್ಪಳದ ಹಾಗೆ ಸುರುಳಿ. ಹತ್ತು ಹಾಕಿದರೆ ಮೂರು ಒಳಗೇ ಸಿಕ್ಕಿಕೊಳ್ಳುತ್ತವೆ. ಮಳೆ ಹಿಡಿದು ಹದಿನೇಳು ದಿನ. ಬೆಳಗ್ಗೆ ಒಡೆದ ಬಂಡಲ್ ಸಂಜೆಯೊಳಗೆ ತೇವ. ಬಲ್ಬಿನ ಕೆಳಗೆ ಇಟ್ಟೆ, ಮಗುಚಿ ಹಾಕಿದೆ, ಕೋಳಿಮರಿ ಸಾಕಿದ ಹಾಗೆ ಸಾಕಿದೆ. ಏನೂ ಉಪಯೋಗವಿಲ್ಲ. ಕಾಟ್ಟಿಕುಳಂ ಪೇಟೆಯಲ್ಲಿ ಈಗ ಒಣಗಿದ್ದು ಅಂತ ಇರುವುದು ಒಣಮೀನು ಮಾತ್ರ, ಅದೂ ಸಂಶಯ.

ಮಧ್ಯಾಹ್ನ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಪೇಪರ್ ಟೈಪ್ ಅಂತ ಇದೆ. ‘ಪ್ಲೇನ್’ ತೆಗೆದು ‘ಲೈಟ್’ ಮಾಡಿದರೆ ಒಳಗಿನ ರೋಲರ್ ಅಷ್ಟು ಬಿಸಿಯಾಗುವುದಿಲ್ಲ, ಕಾಗದ ಸುರುಳಿ ಸುತ್ತುವುದಿಲ್ಲ. ಮಾಡಿದೆ. ನೆಟ್ಟಗೆ ಬಂತು! ಇಪ್ಪತ್ತು ಪೇಜ್ ಒಂದೂ ಸಿಕ್ಕಿಕೊಳ್ಳದೆ ಬಂತು. ಮೆಕ್ಯಾನಿಕ್ ರತೀಶನಿಗೆ ಫೋನ್ ಮಾಡಲೇ ಇಲ್ಲ. ಎಂಟು ವರ್ಷದ ಟೈಪಿಂಗ್-ಪ್ರಿಂಟಿಂಗ್ ಅಂಗಡಿ, ನಾನೇನು ಸುಮ್ಮನೆ ಕೂತಿದ್ದೇನಾ.

ಜೂನ್ 23, ಸೋಮವಾರ. ಸಂಜೆ 5

ತೋಲ್ಪೆಟ್ಟಿ ಕಡೆಯ ಹಾಡಿಯಿಂದ ಅಮ್ಮಾಳು ಬಂದಿದ್ದಳು. ಜೊತೆಗೆ ಅವಳ ಸೋದರಮಾವ ಕುಟ್ಟನ್. ಎಂಬತ್ತು ದಾಟಿದ ಮುದುಕ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದು, ಬೆಂಚಿನ ಮೇಲೆ ಮಡಿಸಿಟ್ಟ ಕಂಬಳಿಯ ಹಾಗೆ ಕೂತ. ಕಾಫಿ ಕೊಟ್ಟೆ. ಅರ್ಧ ಕುಡಿದು ಅರ್ಧ ಅಮ್ಮಾಳುವಿಗೆ ಕೊಟ್ಟ.

ವಿಷಯ ಇಷ್ಟು. ಅಮ್ಮಾಳುವಿನ ಗುಡಿಸಲು, ಸುತ್ತಿನ ಒಂದೂವರೆ ಎಕರೆ — ಅರಣ್ಯ ಹಕ್ಕಿನ ಅರ್ಜಿ ಹಾಕಿದ್ದಾಳೆ. ಜಾಗದ ಪಟ್ಟೆ ಸಿಕ್ಕರೆ ಅಲ್ಲೇ ಇರಬಹುದು. ಸಿಗದಿದ್ದರೆ ಅರಣ್ಯದವರು ಎಬ್ಬಿಸುತ್ತಾರೆ. ಅವರ ಹಿಂದಿನವರು ಯಾರೂ ಕಾಗದ ಇಟ್ಟವರಲ್ಲ. ಇರುವ ಸಾಕ್ಷಿ ಒಂದೇ, ಊರಿನ ಹಿರಿಯನ ಹೇಳಿಕೆ. ಅಷ್ಟು ವಯಸ್ಸಾದವರು ಆ ಹಾಡಿಯಲ್ಲಿ ಈಗ ಕುಟ್ಟಜ್ಜ ಒಬ್ಬನೇ.

ಅವನು ಅವರ ಕನ್ನಡದಲ್ಲಿ ಹೇಳಿದ. ನಾನು ಮಲಯಾಳದಲ್ಲಿ ಟೈಪ್ ಮಾಡಿದೆ, ಆಫೀಸಿಗೆ ಅದೇ ಬೇಕು. ಇಲ್ಲಿ ಕನ್ನಡ ಬರೆಯುವುದು ನಾನೊಬ್ಬಳೇ ಇರಬೇಕು, ಅದೂ ಈ ಬುಕ್ಕಿನಲ್ಲಿ. ಅಪ್ಪ ಕಲಿಸಿದ್ದು.

‘‘ನಮ್ಮಜ್ಜ ಸತ್ತಾಗ ಈ ಆನೆ ಟ್ರೆಂಚೂ ಇಲ್ಲ, ಗಾರ್ಡೂ ಇಲ್ಲ. ಕಾಡಿತ್ತು, ನಾವಿದ್ದೊ. ನಮ್ಮವ್ವನ ಮಣ್ಣು ಮಾಡ್ದ ಜಾಗ ಅಲ್ಲೇ ಐತೆ ಮಗಾ, ಮತ್ತಿ ಮರದ್ ಬುಡದಾಗೆ. ಬರ್ಕೊ.’’

ಬರೆದುಕೊಂಡೆ. ಪ್ರಿಂಟ್ ಹಾಕಿದೆ. ಮತ್ತೆ ಕನ್ನಡದಲ್ಲಿ ಓದಿ ಹೇಳಿದೆ. ತಲೆ ಆಡಿಸುತ್ತಾ ಕೇಳುತ್ತಿದ್ದವನು ಒಂದು ಕಡೆ ಕೈ ಎತ್ತಿದ. ‘‘ತೋಡಿಂದ ಪಡುವಲಲ್ಲ ಕಣವ್ವಾ, ಮೂಡಲು. ಪಡುವಲಿಗೆ ನಾವೆಲ್ಲಿದ್ದೊ?’’ ನನ್ನ ತಪ್ಪೇ. ಸರಿ ಮಾಡಿ ಇನ್ನೊಂದು ಪ್ರಿಂಟ್ ಹಾಕೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ತೋಲ್ಪೆಟ್ಟಿ ಬಸ್ಸಿಗೆ ಹತ್ತೇ ನಿಮಿಷ. ನೀಲಿ ಪೆನ್ನಿನಲ್ಲಿ ‘ಪಡುವಣ’ ಹೊಡೆದು, ಮೇಲೆ ‘ಮೂಡಣ’ ಅಂತ ಮಲಯಾಳದಲ್ಲೇ ಬರೆದೆ. ಸ್ಟ್ಯಾಂಪ್ ಪ್ಯಾಡ್ ಕೊಟ್ಟೆ. ಕೊನೆಯ ಸಾಲಿನ ಮೇಲೇ ಹೆಬ್ಬೆಟ್ಟು ಒತ್ತಿದ. ಎಷ್ಟು ಗಟ್ಟಿಯಾಗಿ ಒತ್ತಿದ ಅಂದರೆ ಮೇಜು ಅಲ್ಲಾಡಿತು. ಆಮೇಲೆ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡ. ಬಿಳಿ ಕೂದಲಲ್ಲಿ ನೇರಳೆ ಗೆರೆ.

ಕರೆಂಟ್ ಇಲ್ಲ, ಹಾಗಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳಲಿಲ್ಲ. ಇನ್ನೊಂದು ದಿನ ತಾ ಅಂದೆ. ದಪ್ಪನೆಯ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಕೊಟ್ಟೆ. ‘‘ಒಲೆ ಮೇಲಿನ ಅಟ್ಟದಲ್ಲಿಡು ಅಮ್ಮಾಳು, ತೇವ ತಗಲಬಾರದು.’’ ಅಲ್ಲೇ ಅವರ ರೇಷನ್ ಕಾರ್ಡು, ಆಧಾರು ಎಲ್ಲ ಇರುವುದು. ಮಳೆಗಾಲದಲ್ಲಿ ಹೊಗೆಯಷ್ಟು ಒಳ್ಳೆಯ ಬೀರು ಇನ್ನೊಂದಿಲ್ಲ.

ಜುಲೈ 8, ಮಂಗಳವಾರ

ಕುಟ್ಟಜ್ಜ ಹೋದನಂತೆ. ಶುಕ್ರವಾರ. ಜ್ವರ ಮೂರೇ ದಿನ. ಅಮ್ಮಾಳು ಅಂಗಡಿ ಮುಂದೆ ನಿಂತು ಹೇಳಿ, ಒಳಗೂ ಬರದೆ ಹೋದಳು.

‘‘ಕಡ್ಲಾಸಿಗೆ ಮಾತು ಕೊಟ್ಟೋದ ಅಕ್ಕಾ. ಅದೊಂದು ಐತಲ್ಲ.’’

ಬೇಜಾರಾಯಿತು. ಒಂದು ಗಂಟೆ ಕೂತಿದ್ದ ಮನುಷ್ಯ, ಅಷ್ಟೆ. ಆದರೂ.

ಜುಲೈ 12, ಶನಿವಾರ

ಸ್ಕೂಲಿನ ಪ್ರಿಯಾ ಟೀಚರ್ ಪ್ರಶ್ನೆಪತ್ರಿಕೆಯ ಕಟ್ಟು ತಂದು ಕೌಂಟರ್ ಮೇಲೆ ಕುಕ್ಕಿದರು. ಹೆಬ್ಬೆರಳಿನಿಂದ ಒಂದು ಸಾಲನ್ನು ಉಜ್ಜಿ ತೋರಿಸಿದರು. ಅಕ್ಷರ ಹೋಗಿ ಕಪ್ಪು ಪುಡಿ. ಮಕ್ಕಳ ಕೈ, ಸಮವಸ್ತ್ರ ಎಲ್ಲ ಕಪ್ಪಂತೆ. ನೋಡಲು ಪ್ರಿಂಟ್ ಎಷ್ಟು ಚೆಂದ! ಮುಟ್ಟಿದರೆ ಮಸಿ.

ರತೀಶನಿಗೆ ಫೋನ್ ಮಾಡಿ ಬೈದೆ. ರೀಫಿಲ್ ಮಾಡಿದ ಟೋನರ್ ಪುಡಿ ಕಳಪೆ, ನೀನು ಮೋಸ ಮಾಡಿದ್ದೀ ಅಂದೆ. ಪಾಪ, ‘‘ಚೇಚೀ, ಒಳ್ಳೆ ಪುಡಿಯೇ ಹಾಕಿದ್ದು’’ ಅಂತಲೇ ಇದ್ದ. ಸಂಜೆ ಹೊಸ ಕಾರ್ಟ್ರಿಜ್ ತಂದು ಹಾಕಿದ. ಉಜ್ಜಿದೆ. ಮತ್ತೆ ಮಸಿ.

ಜುಲೈ 19, ಶನಿವಾರ

ರತೀಶ ಇವತ್ತು ಮೆಷಿನನ್ನೇ ಬಿಚ್ಚಿ ಹರಡಿದ. ಬಿಸಿ ರೋಲರ್ ನೋಡಿದ, ಅದರ ಮೇಲಿನ ತೆಳುಪದರ ಸವೆದಿಲ್ಲ. ಕೆಳಗಿನ ರಬ್ಬರ್ ನೋಡಿದ, ಸರಿಯಿದೆ. ವೋಲ್ಟೇಜ್ ನೋಡಿದ. ಎರಡು ಗಂಟೆ ಕೆಲಸ. ಕೊನೆಗೆ ಏನೋ ನೆನಪಾಗಿ ಸೆಟ್ಟಿಂಗ್ಸ್ ತೆಗೆದ.

‘‘ಯಾರು ಚೇಚೀ ಇದನ್ನ ಲೈಟ್ ಮಾಡಿದ್ದು?’’

ಬಿಚ್ಚಿಟ್ಟ ಸ್ಕ್ರೂಗಳನ್ನು ಎಣಿಸತೊಡಗಿದೆ.

‘‘ಪುಡಿ ಕರಗಿ ಕಾಗದಕ್ಕೆ ಅಂಟಬೇಕಾದರೆ ಬಿಸಿ ಬೇಕು. ಇದರಲ್ಲಿ ಅರ್ಧ ಬೇಯುತ್ತೆ, ಅಷ್ಟೆ. ಅದೂ ತೇವದ ಕಾಗದ.’’

ಅರೆಬೆಂದ ಅಕ್ಷರ. ಪ್ಲೇನ್‌ಗೆ ತಂದು ಪ್ರಿಂಟ್ ಹಾಕಿದ. ಉಗುರಲ್ಲಿ ಕೆರೆದರೂ ಹೋಗಲಿಲ್ಲ. ಅವನ ಮುಖ ನೋಡಲಾಗಲಿಲ್ಲ. ಸಾರಿ ಅಂದೆ. ನಕ್ಕ. ಒಳ್ಳೆಯವನು.

ಜೂನ್ ಹದಿನಾರರಿಂದ ಇವತ್ತಿನವರೆಗೆ — ಎಷ್ಟು ಪೇಜ್ ಕೊಟ್ಟಿದ್ದೇನೆ? ಬಯೋಡೇಟಾ, ಮದುವೆ ಲಿಸ್ಟು, ಅರ್ಜಿ... ಕುಟ್ಟಜ್ಜನ ಹೇಳಿಕೆ. ಅದು ಕವರಿನೊಳಗಿದೆ. ಯಾರು ಉಜ್ಜುತ್ತಾರೆ ಅದನ್ನು? ಮುಂದಿನ ವಾರ ಅಮ್ಮಾಳುವಿಗೆ ಹೇಳಿಕಳಿಸಬೇಕು.

ಆಗಸ್ಟ್ 12, ಮಂಗಳವಾರ. ಮಧ್ಯಾಹ್ನ

ಹೇಳಿಕಳಿಸಲಿಲ್ಲ. ಅವಳೇ ಬಂದಳು. ಮಾನಂತವಾಡಿಯ ಆಫೀಸಿನಿಂದ ನೋಟಿಸ್ ಬಂದಿದೆ, ಇಪ್ಪತ್ತಕ್ಕೆ ವಿಚಾರಣೆ, ಮೂಲ ಕಾಗದ ತರಬೇಕು. ಕವರ್ ಮೇಜಿನ ಮೇಲಿಟ್ಟಳು. ಹೊಗೆಯಿಂದ ಕಂದು ಬಣ್ಣಕ್ಕೆ ತಿರುಗಿದೆ, ಒಲೆಯ ಶಾಖಕ್ಕೆ ಸೊಟ್ಟಗಾಗಿದೆ. ಕಾಗದ ಹೊರಗೆ ಬರುವುದಿಲ್ಲ, ಅಂಟಿಕೊಂಡಿದೆ. ಬ್ಲೇಡಿನಿಂದ ಅಂಚು ಕತ್ತರಿಸಿ, ಮೆಲ್ಲಗೆ ಸುಲಿದೆ. ಚರ್ ಚರ್ ಅಂತ ಸದ್ದು.

ಅಕ್ಷರಗಳು ಪ್ಲಾಸ್ಟಿಕ್ಕಿನ ಜೊತೆ ಹೋದವು. ಎಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕವರಿನ ಒಳಮೈಗೆ ಮೆತ್ತಿಕೊಂಡಿವೆ. ಕಾಗದದಲ್ಲಿ ಉಳಿದದ್ದು ಮೂರು. ನೀಲಿ ಪೆನ್ನಿನ ಒಂದು ಅಡ್ಡಗೆರೆ, ಅದರ ಮೇಲೆ ‘ಮೂಡಣ’, ಮತ್ತೆ ಕೆಳಗೆ ಹೆಬ್ಬೆಟ್ಟು. ನಡುವೆ ಖಾಲಿ, ಅಲ್ಲಲ್ಲಿ ಅಕ್ಷರವಿದ್ದ ಜಾಗದ ಮಾಸಲು ಗುರುತು.

ಅಮ್ಮಾಳು ಬಗ್ಗಿ ನೋಡಿದಳು. ಓದಲು ಬರುವುದಿಲ್ಲ, ಆದರೆ ಇರುವುದೂ ಇಲ್ಲದಿರುವುದೂ ಗೊತ್ತಾಗುತ್ತದಲ್ಲ.

‘‘ಮಾವನ್ ಮಾತೆಲ್ಲೋಯ್ತಕ್ಕಾ?’’

ನನ್ನ ತಪ್ಪು ಅಂದೆ. ಮೆಷಿನ್ ತಪ್ಪು ಅಂತ ಹೇಳಲು ಬಾಯಿ ಬರಲಿಲ್ಲ, ಅಷ್ಟು ಮಾತ್ರ ಇವತ್ತು ನಾನು ಮಾಡಿದ ಒಳ್ಳೆಯ ಕೆಲಸ. ಅವಳು ಬೈಯಲಿಲ್ಲ. ‘‘ನಾನು ಒಲೆ ಮ್ಯಾಲಿಡಬಾರ್ದಾಗಿತ್ತು’’ ಅಂದಳು. ಇಡು ಅಂದವಳು ನಾನು.

ಆಗಸ್ಟ್ 14, ಗುರುವಾರ

ಎರಡು ದಿನ ಇದೇ ಯೋಚನೆ. ಫೈಲ್ ಕಂಪ್ಯೂಟರಿನಲ್ಲಿದೆ. ಅವನ ಮಾತು ಒಂದೂ ಹೋಗಿಲ್ಲ. ಅದೇ ಮಾತನ್ನು ಅದೇ ಕಾಗದದ ಮೇಲೆ ಮತ್ತೆ ಹಾಕಿದರೆ? ಸುಳ್ಳೇನು ಬಂತು ಅದರಲ್ಲಿ?

ಕಷ್ಟ ಅಂದರೆ ಆ ನೀಲಿ ಗೆರೆ. ಫೈಲಿನಲ್ಲಿ ತಿದ್ದದೆ ಉಳಿದ ನನ್ನ ತಪ್ಪು ಪದ ‘ಪಡುವಣ’ವನ್ನೇ ಸರಿಯಾಗಿ ಆ ಗೆರೆಯ ಕೆಳಗೆ ಕೂರಿಸಬೇಕು. ಒಂದು ಕೂದಲು ಆಚೀಚೆಯಾದರೆ ಗೆರೆ ಬೇರೆ ಪದವನ್ನು ಹೊಡೆಯುತ್ತದೆ. ಸಾದಾ ಹಾಳೆಗಳ ಮೇಲೆ ಪ್ರಿಂಟ್ ಹಾಕಿ, ಕುಟ್ಟಜ್ಜನ ಹಾಳೆಯ ಜೊತೆ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಎರಡು ಮಿಲಿಮೀಟರ್. ಎಡಕ್ಕೆ ಒಂದು. ಮತ್ತೆ. ಒಂಬತ್ತನೆಯ ಸಲ ಕೂತಿತು. ಪೇಪರ್ ಟೈಪ್ ಮೂರು ಸಲ ನೋಡಿದೆ, ‘ಪ್ಲೇನ್’.

ಅಮ್ಮಾಳು ಪಕ್ಕದಲ್ಲೇ ನಿಂತಿದ್ದಳು. ಹಾಳೆ ಒಳಗೆ ಹೋಗುವಾಗ ನನ್ನ ರಟ್ಟೆ ಹಿಡಿದುಕೊಂಡಳು. ಸತ್ತವನ ಹೆಬ್ಬೆಟ್ಟು ಇನ್ನೊಂದು ಇಲ್ಲ. ಸಿಕ್ಕಿಕೊಂಡು ಹರಿದರೆ ಮುಗಿಯಿತು. ಹದಿನಾಲ್ಕು ಸೆಕೆಂಡು. ಬಂತು. ಚೊಕ್ಕಟ. ಗೆರೆ ‘ಪಡುವಣ’ದ ಮೇಲೇ ಇತ್ತು. ಇಬ್ಬರೂ ನಕ್ಕೆವು. ಅಳುವೂ ಬಂತು.

‘‘ಹೊಸದಾಗಿ ಹಾಕಿದ್ದು ಅಂತ ಅಲ್ಲಿ ಹೇಳಬೇಡ’’ ಅಂದೆ. ಹೂಂ ಅಂದಳು.

ಹಳೆ ಕವರ್ ಕಸದ ಜೊತೆ ಸುಟ್ಟುಬಿಟ್ಟೆ.

ಆಗಸ್ಟ್ 20, ಬುಧವಾರ. ಸಂಜೆ

ಬರೆಯಲು ಕೈ ಬರುವುದಿಲ್ಲ. ಬರೆಯುತ್ತೇನೆ.

ವಿಚಾರಣೆಗೆ ಅಮ್ಮಾಳುವಿನ ಜೊತೆ ನಾನೂ ಹೋಗಿದ್ದೆ. ಆಫೀಸಿನ ಸಾರ್ ಗದರಿಸುವ ಜಾತಿಯಲ್ಲ. ಅಮ್ಮಾಳುವನ್ನು ಕುರ್ಚಿಯ ಮೇಲೆ ಕೂರಿಸಿದ. ನೀವು ಯಾರು ಅಂತ ನನ್ನನ್ನು ಕೇಳಿದ. ‘‘ಭಾಷೆ ಹೇಳಲು ಬಂದೆ’’ ಅಂದೆ. ಅದೊಂದೇ ಹೇಳಿದ್ದು. ಅಮ್ಮಾಳುವಿಗೆ ನನಗಿಂತ ಚೆನ್ನಾಗಿ ಮಲಯಾಳ ಬರುತ್ತದೆ.

ಕಾಗದ ತೆಗೆದುಕೊಂಡ. ಓದಿದ. ಒಳ್ಳೆಯ ಹೇಳಿಕೆ ಅಂದ. ಆಮೇಲೆ ಮೂಸಿ ನೋಡಿದ. ಕಿಟಕಿಯ ಕಡೆ ವಾರೆ ಹಿಡಿದ.

‘‘ಕಾಗದ ಹೊಗೆ ಕುಡಿದು ಹಳತಾಗಿದೆ. ಅಕ್ಷರ ಹೊಸದು.’’

ಹೇಳಿಕೆಯ ಕೊನೆಯ ಸಾಲು ಹೆಬ್ಬೆಟ್ಟಿನ ಮೇಲೆ ಹಾದುಹೋಗುತ್ತದೆ. ಅಲ್ಲಿಗೆ ಬೆರಳಿಟ್ಟ. ನೇರಳೆ ಮಸಿಯ ಮೇಲೆ ಅಕ್ಷರ ಕಪ್ಪಗೆ ಮಿರುಗುತ್ತಿತ್ತು.

‘‘ಹೆಬ್ಬೆಟ್ಟು ಮೊದಲು ಬಿದ್ದಿದೆ. ಬರಹ ಆಮೇಲೆ. ಬರೀ ಕಾಗದಕ್ಕೆ ಆದಿವಾಸಿಗಳ ಹೆಬ್ಬೆಟ್ಟು ಒತ್ತಿಸಿಕೊಂಡು ಬೇಕಾದ್ದು ಬರೆದುಕೊಳ್ಳುವುದು ಈ ಕಡೆ ಹೊಸದಲ್ಲ. ಯಾರಮ್ಮಾ ಇದನ್ನ ಮಾಡಿದ್ದು? ನಿನ್ನ ಹಿಂದೆ ಯಾರಿದ್ದಾರೆ? ನಿನ್ನ ಜಾಗದ ಮೇಲೆ ಯಾರಿಗೆ ಕಣ್ಣು?’’

ಅವನಿಗೆ ಅವಳ ಮೇಲೆ ಕೋಪವಿರಲಿಲ್ಲ. ಅವಳನ್ನು ಉಳಿಸಲೆಂದೇ ಕೇಳುತ್ತಿದ್ದ. ಅದೇ ಹೆಚ್ಚು ಕಷ್ಟ.

ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಉಪ್ಪು, ಹೊಗೆಸೊಪ್ಪು ಹೊತ್ತು ಇಲ್ಲಿಗೆ ಬಂದವನು. ಅವನ ಟ್ರಂಕಿನಲ್ಲಿ ಅಂಥ ಕಾಗದಗಳನ್ನು ನಾನೇ ನೋಡಿದ್ದೇನೆ. ಮೇಲೆ ಏನೂ ಇಲ್ಲ, ಕೆಳಗೆ ಒಂದು ಹೆಬ್ಬೆಟ್ಟು. ನಾವು ಈಗ ಕಾಫಿ ಕೊಯ್ಯುವ ಜಾಗಕ್ಕೆ ಪಟ್ಟೆ ಹೇಗೆ ಬಂತು ಅಂತ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಇದನ್ನು ಈ ಬುಕ್ಕಿನಲ್ಲೂ ಇದುವರೆಗೆ ಬರೆದಿರಲಿಲ್ಲ. ಆ ಕುರ್ಚಿಯ ಹಿಂದೆ ನಿಂತಾಗ ಕಣ್ಣ ಮುಂದೆ ಬಂದದ್ದು ಇಷ್ಟೇ. ಪೊಲೀಸು, ಕೇಸು, ಅಂಗಡಿಗೆ ಬೀಗ. ತಾತನ ಹೆಸರು ಹಿಡಿದು ಜನ ಆಡುವ ಮಾತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಅಮ್ಮಾಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ‘‘ಪೇಟೆಲಿ ಮಾಡ್ಸಿದ್ದು ಸಾರ್’’ ಅಂದಳು. ಯಾವ ಅಂಗಡಿ? ‘‘ಗೊತ್ತಿಲ್ಲ.’’

ನನ್ನನ್ನು ಕಾಪಾಡಿದಳು. ಅವಳು.

ಸಾರ್ ಕಾಗದವನ್ನು ಫೈಲಿನಲ್ಲಿಟ್ಟುಕೊಂಡ. ಪ್ರಿಂಟ್ ಹಾಕಿದವರು ಸೆಪ್ಟೆಂಬರ್ ಮೂರರೊಳಗೆ, ಓಣಂ ರಜೆಗೆ ಮೊದಲು, ಬಂದು ನಡೆದದ್ದನ್ನು ಬರೆದುಕೊಡಲಿ, ಆಮೇಲೆ ತೀರ್ಮಾನ ಅಂದ. ಬಸ್ಸಿನಲ್ಲಿ ಅಮ್ಮಾಳು ಮೆಲ್ಲಗೆ ಕೇಳಿದಳು, ‘‘ನೀನ್ ಬರ್ದು ಕೊಡ್ತೀಯಲ್ಲಕ್ಕಾ?’’

ನಾಳೆಯೇ ಅಂದೆ.

ಆಗಸ್ಟ್ 24, ಭಾನುವಾರ

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು.

‘‘ನಿಂಗ್ಯಾಕೆ ಬೇಕಮ್ಮಿ ಊರ ಉಸಾಬರಿ? ಒಬ್ಬಂಟಿ ಹೆಂಗಸು. ನಾಳೆ ಸ್ಟೇಷನ್ನಿಗೆ ಕರದ್ರೆ ಯಾರ್ ಬತ್ತಾರೆ ನಿನ್ ಹಿಂದೆ? ತಾತನ ವಿಚಾರನೂ ಕೆದಕ್ತಾರೆ, ನೋಡ್ತಿರು.’’

ಅವಳ ಮೇಲೆ ರೇಗಿದೆ. ರೇಗಿದ್ದು ಏಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವಳು ಜೋರಾಗಿ ಹೇಳಿದಳು.

ಆಗಸ್ಟ್ 29, ಶುಕ್ರವಾರ

ಹೇಳಿಕೆ ಟೈಪ್ ಮಾಡಿದೆ. ಒಂದೇ ಪುಟ. ಪ್ರೇಮಲತಾ ಎಂಬ ನಾನು... ಲೈಟ್ ಸೆಟ್ಟಿಂಗ್, ಕವರು, ಒಲೆ, ಎಲ್ಲ ಇದೆ. ಪ್ರಿಂಟ್ ಹಾಕಿದೆ. ಎಡಗಡೆ ಒಂದು ಕಪ್ಪು ಚುಕ್ಕೆ, ಕೆಳಗೆ ಏಳೂವರೆ ಸೆಂಟಿಮೀಟರಿಗೆ ಅದೇ ಚುಕ್ಕೆ ಮತ್ತೆ, ಮತ್ತೆ. ಕಾರ್ಟ್ರಿಜ್ ಒಳಗಿನ ಡ್ರಮ್ಮಿನ ಮೇಲೆ ಗೀರು ಬಿದ್ದಿದೆ. ಇಂಥದ್ದನ್ನು ಆಫೀಸಿಗೆ ಕೊಡುವುದು ಹೇಗೆ? ಡ್ರಮ್ ಒರೆಸಿದೆ. ಮತ್ತೆ ಹಾಕಿದೆ. ಚುಕ್ಕೆ. ಬೇರೆ ಕಾರ್ಟ್ರಿಜ್ ಹಾಕಿದೆ. ಈಗ ಚುಕ್ಕೆ ಇಲ್ಲ, ನಡುವೆ ಮಾಸಲು ಪಟ್ಟಿ. ಅಲ್ಲಾಡಿಸಿ ಹಾಕಿದೆ, ಪುಡಿ ಸಮ ಆಗಲಿ ಅಂತ. ಪಟ್ಟಿ ಸ್ವಲ್ಪ ತೆಳುವಾಯಿತು. ಸೋಮವಾರ ರತೀಶನಿಗೆ ಹೇಳಿ ಸರಿ ಮಾಡಿಸಿ...

ಹನ್ನೊಂದು ಪ್ರಿಂಟ್. ಹನ್ನೊಂದರಲ್ಲಿ ಯಾವುದನ್ನು ಕೊಟ್ಟಿದ್ದರೂ ಓದಲು ಬರುತ್ತಿತ್ತು. ನನಗೆ ಗೊತ್ತು.

ಸೆಪ್ಟೆಂಬರ್ 1, ಸೋಮವಾರ. ಮಧ್ಯಾಹ್ನ 12.30

ಅಮ್ಮಾಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಶುಂಠಿ ಕೆಲಸಕ್ಕೆ ಹೋಗುವವರ ಜೀಪಿನಲ್ಲಿ ಹಿಂದೆ ಕೂತಿದ್ದಳು. ಅಲ್ಲಿಂದಲೇ ಕೂಗಿದಳು.

‘‘ಕೊಟ್ಟ್ಯಾ ಅಕ್ಕಾ?’’

‘‘ಕೊಟ್ಟೆ.’’

ಹೇಗೆ ಬಂತು ಬಾಯಿಗೆ? ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಜೀಪು ಹೊರಟಿತು, ಕೈ ಬೀಸಿದಳು.

ಇನ್ನೂ ಎರಡು ದಿನ ಇದೆ. ನಾಳೆ ಕೊಟ್ಟುಬಿಟ್ಟರೆ ಹೇಳಿದ್ದು ಸುಳ್ಳಾಗುವುದಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಓಣಂ ರಶ್. ಕೆಲಸದ ಹುಡುಗಿ ನಿಷ ರಜೆ ಹಾಕಿದ್ದಾಳೆ, ಅಂಗಡಿಯಲ್ಲಿ ನಾನೊಬ್ಬಳೇ. ನಾಳೆ ಖಂಡಿತ.

ಸೆಪ್ಟೆಂಬರ್ 3, ಬುಧವಾರ. ಸಂಜೆ 6

ಹೋದೆ. ಹನ್ನೊಂದೂವರೆಗೆ ಮಾನಂತವಾಡಿಯಲ್ಲಿದ್ದೆ. ಲಕೋಟೆ ಚೀಲದಲ್ಲಿತ್ತು, ಸಹಿ ಹಾಕಿಯೇ ಇಟ್ಟುಕೊಂಡಿದ್ದೆ. ಆಫೀಸಿನ ಅಂಗಳದಲ್ಲಿ ಹುಡುಗಿಯರು ಪೂಕ್ಕಳಂ, ಹೂವಿನ ರಂಗೋಲಿ, ಹಾಕುತ್ತಿದ್ದರು, ಒಳಗೆಲ್ಲ ಜರಿ ಅಂಚಿನ ಸೆಟ್ಟು ಸೀರೆ, ನಗು. ಬಾಗಿಲ ಬಳಿ ಒಬ್ಬ ಪೊಲೀಸಿನವನು ನಿಂತಿದ್ದ. ಬೇರೆ ಯಾವುದೋ ಕೆಲಸಕ್ಕೆ ಬಂದವನಿರಬೇಕು. ನನ್ನನ್ನು ನೋಡಲೂ ಇಲ್ಲ.

ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆ. ಎರಡು. ಒಂದು ಗಂಟೆಗೆ ಅವರು ಊಟಕ್ಕೆ ಎದ್ದರು. ಮೂರಕ್ಕೆ ಬರೋಣ ಅಂತ ಬಟ್ಟೆ ಅಂಗಡಿಗೆ ಹೋದೆ. ಅಮ್ಮನಿಗೆ ಒಂದು ಸೀರೆ ತೆಗೆದುಕೊಂಡೆ. ಮೂರೂಕಾಲರ ಬಸ್ಸಿಗೆ ಹತ್ತಿದೆ.

ನಾನು ಇಷ್ಟು ಹೇಡಿ ಅಂತ ಗೊತ್ತಿರಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ರತೀಶ ಬಂದು ಹೊಸ ಡ್ರಮ್ ಹಾಕಿದ. ಪ್ರಿಂಟ್ ಈಗ ಮೊದಲಿಗಿಂತ ಚೆನ್ನಾಗಿದೆ. ಗೀರಿಲ್ಲ, ಪಟ್ಟಿಯಿಲ್ಲ. ‘‘ಇನ್ನು ನೀವು ಸೆಟ್ಟಿಂಗ್ಸ್ ಮುಟ್ಟಬೇಡಿ ಚೇಚೀ’’ ಅಂದ.

ಅಕ್ಟೋಬರ್ 9, ಗುರುವಾರ. ಬೆಳಗ್ಗೆ 11

ಅಮ್ಮಾಳು ಬಂದಿದ್ದಾಳೆ. ಬೆಂಚಿನ ಮೇಲೆ ಕೂತಿದ್ದಾಳೆ, ನಾನು ಇದನ್ನು ಬರೆಯುವಾಗಲೂ. ರಿಜಿಸ್ಟರಿಗೆ ಏನೋ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾಳೆ. ಒಂದು ನಿಮಿಷ ಅಂದೆ. ಐದಾಯಿತು.

ಆಫೀಸಿನಿಂದ ಲಕೋಟೆ ಬಂದಿದೆ. ಹಾಡಿಯಲ್ಲಿ ಓದಲು ಬರುವ ಮಕ್ಕಳಿದ್ದಾರೆ, ಅವರ ಕೈಗೆ ಕೊಡಲಿಲ್ಲವಂತೆ. ಒಡೆಯದೆ ನೇರ ಇಲ್ಲಿಗೆ ತಂದಿದ್ದಾಳೆ. ‘‘ನೀನೇ ಮಾಡ್ದೋಳು ಅಕ್ಕಾ, ನೀನೇ ಓದಿ ಯೋಳು.’’

ಮನಸ್ಸಿನಲ್ಲೇ ಓದಿದೆ. ಎರಡು ಪುಟ. ಹಕ್ಕಿನ ಅರ್ಜಿ ತಿರಸ್ಕೃತ. ಅರವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ನಾಲ್ಕನೆಯ ಪ್ಯಾರಾ — ಸದರಿ ಹೇಳಿಕೆಯನ್ನು ಮುದ್ರಿಸಿದವರು ಹಾಜರಾಗಲು ಸಾಕಷ್ಟು ಸಮಯ ನೀಡಿದ್ದಾಗ್ಯೂ, ನಿಗದಿತ ದಿನಾಂಕದೊಳಗೆ ಯಾರೊಬ್ಬರೂ ಬಂದು ಯಾವ ಹೇಳಿಕೆಯನ್ನೂ ಸಲ್ಲಿಸಿರುವುದಿಲ್ಲ.

ಯಾರೊಬ್ಬರೂ.

ಆ ಸಾಲನ್ನು ಬಿಟ್ಟು ಓದಬಹುದು. ತಿರಸ್ಕೃತ ಅಂತ ಮಾತ್ರ ಹೇಳಿ, ಸರ್ಕಾರವನ್ನು ನಾಲ್ಕು ಬೈದು, ಮೇಲ್ಮನವಿ ನಾನೇ ಟೈಪ್ ಮಾಡಿ ಕೊಡುತ್ತೇನೆ ಅನ್ನಬಹುದು. ನಂಬುತ್ತಾಳೆ. ಆದರೆ ಮೇಲ್ಮನವಿಯಲ್ಲಿ ಬರೆಯುವುದೇನು? ನಾನು ಬಾಯಿ ಬಿಡದೆ ಅದರಲ್ಲಿ ಬರೆಯಲು ಏನೂ ಇಲ್ಲ.

ಈಗ ಎದ್ದು ಬಂದು ಮೇಜಿನ ಎದುರು ನಿಂತಳು. ಕಾಗದದ ಮೇಲೆ ಬೆರಳಿಟ್ಟು ಕೇಳುತ್ತಿದ್ದಾಳೆ.

‘‘ನೀನ್ ಕೊಟ್ಟ ಕಡ್ಲಾಸಿಗೆ ಏನಂದವ್ರಕ್ಕಾ? ಅದುನ್ನ ಮೊದ್ಲು ಓದು.’’

ಅವಳ ಬೆರಳು ಇರುವುದು ನಾಲ್ಕನೆಯ ಪ್ಯಾರಾದ ಮೇಲೇ. ಅವಳಿಗದು ಗೊತ್ತಿಲ್ಲ. ಓದುತ್ತೇನೆ. ಕನ್ನಡದಲ್ಲೇ, ಅವಳ ಮುಖ ನೋಡಿಕೊಂಡೇ. ಅಮ್ಮಾಳು, ಅವತ್ತು ಜೀಪಿನ ಹತ್ತಿರ ನಾನು ಕೊಟ್ಟೆ ಅಂದದ್ದು...